ಸಾಹುಕಾರನ ಸೋಮವಾರ

'ಅಜ್ಜಾರ, ದಾನ, ದಾಸೋಹ ಎರಡೂ ಒಂದ ಅಲ್ಲೇನ್ರಿ?' ಎಂದು ನಿನ್ನೆಯ ಪ್ರವಚನದಲ್ಲಿ ಒಬ್ಬರು ಕೇಳಿದರು. ಕೇಳಿದವರು ಮಠಕ್ಕೆ ಹತ್ತು ಫ್ಯಾನು ಕೊಟ್ಟವರು. ಅವರದೇ ಫ್ಯಾನು ತಲೆಯ ಮೇಲೆ ತಿರುಗುತ್ತಿರುವಾಗ ಅವರ ಮನಸ್ಸು ನೋಯುವ ಉತ್ತರ ಕೊಡುವುದು ಹೇಗೆ? ಸುಮ್ಮನಾದೆ. ಇವತ್ತು ನೋಡಿ, ಕರೆಂಟು ಹೋಗಿದೆ. ಸ್ವಲ್ಪ ಧೈರ್ಯ ಬಂದಿದೆ, ಹೇಳುತ್ತೇನೆ.

ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಇಷ್ಟೇ ವ್ಯತ್ಯಾಸ. ಆದರೆ ಇಷ್ಟು ಹೇಳಿ ಬಿಟ್ಟರೆ ನೀವು ತಲೆಯಾಡಿಸುತ್ತೀರಿ, 'ಅಜ್ಜಾರು ಛಲೋ ಹೇಳಿದ್ರು' ಎನ್ನುತ್ತೀರಿ, ಚಪ್ಪಲಿ ಹುಡುಕುವಷ್ಟರಲ್ಲಿ ಮರೆಯುತ್ತೀರಿ. ಅದಕ್ಕೇ ಒಂದು ದೃಷ್ಟಾಂತ.

ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಎಲ್ಲ ಊರಿಗೂ ಒಬ್ಬ ಇರುತ್ತಾನೆ. ನಿಮ್ಮೂರಲ್ಲಿ ಅಂಥವರಿಲ್ಲ ಎನ್ನುತ್ತೀರಿ, ಸಂತೋಷ. ಬಸ್ ಸ್ಟ್ಯಾಂಡಿನ ಎದುರು ಎರಡಂತಸ್ತಿನ ಮಳಿಗೆಗಳ ಸಾಲು ಅವನದು. ಒಂದು ಎಣ್ಣೆ ಗಿರಣಿ ಅವನದು. ಕೆಟ್ಟವನಲ್ಲ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಹಣೆ ತುಂಬ ವಿಭೂತಿ. ಅವನದೊಂದು ವ್ರತ ಇತ್ತು. ಪ್ರತಿ ಸೋಮವಾರ ಹಸಿದವರೊಬ್ಬರಿಗೆ ತನ್ನ ಮನೆಯ ಪಡಸಾಲೆಯಲ್ಲಿ ಎಲೆ ಹಾಕಿ, ತನ್ನ ಕೈಯಾರೆ ಬಡಿಸಿ, 'ಹೊಟ್ಟಿ ತುಂಬಿತೇನು?' ಎಂದು ಕೇಳುವುದು. ಉಂಡವರು 'ತುಂಬೇತ್ರಿ' ಎಂದ ಮೇಲೆಯೇ ತಾನು ಊಟಕ್ಕೆ ಕೂರುವುದು. ಆ ಮಾತು ಕಿವಿಗೆ ಬೀಳದೆ ಒಂದು ತುತ್ತೂ ಬಾಯಿಗೆ ಹಾಕುವಂತಿಲ್ಲ. ಒಳ್ಳೆಯ ವ್ರತ. ನಮಗೆ ಎಷ್ಟು ಜನಕ್ಕೆ ಬರುತ್ತದೆ ಹೇಳಿ?

ಹನ್ನೊಂದು ವರ್ಷ ಒಂದು ಸೋಮವಾರವೂ ತಪ್ಪಲಿಲ್ಲ. ಹನ್ನೆರಡು ತುಂಬಿದರೆ ಆ ಊರಿನ ಮಠದಲ್ಲಿ ಅವನಿಗೆ 'ದಾಸೋಹ ಚಿಂತಾಮಣಿ' ಎಂಬ ಬಿರುದು ಕೊಡುವುದೆಂದು ಸ್ವಾಮಿಗಳು ಹೇಳಿದ್ದರು. ಶಾಲು, ಹಾರ, ಪೇಟ, ಫೋಟೋ. ಸಾಹುಕಾರ ಪೇಟದ ಅಳತೆ ಕೂಡ ಕೊಟ್ಟುಬಿಟ್ಟಿದ್ದ.

ಮೊದಮೊದಲು ಅವನ ಬಾಗಿಲಿಗೆ ಹತ್ತು ಜನ ಬರುತ್ತಿದ್ದರು. ಆಮೇಲೆ ಸೋಮವಾರ ಮಠದಲ್ಲಿ ಗೋಧಿ ಹುಗ್ಗಿ ಶುರುವಾಯಿತು. ಸಾಹುಕಾರನ ಮನೆಯಲ್ಲಿ ಅನ್ನ, ಸಾರು. ಬಡವರಿಗೂ ನಾಲಿಗೆ ಇದೆಯಪ್ಪ! ಎಲ್ಲರೂ ಹುಗ್ಗಿಯ ಕಡೆ ಹೋದರು. ಉಳಿದವಳು ಒಬ್ಬಳೇ ಹೆಣ್ಣುಮಗಳು. ಗಂಡ ತೀರಿಕೊಂಡಿದ್ದ, ಎರಡು ಸಣ್ಣ ಹೆಣ್ಣುಮಕ್ಕಳು, ಸಿಕ್ಕರೆ ಕೂಲಿ, ಸಿಗದಿದ್ದರೆ ಇಲ್ಲ. ಪ್ರತಿ ಸೋಮವಾರ ಬಂದು ಕೂರುತ್ತಿದ್ದಳು. ಸಾಹುಕಾರನ ಗುಮಾಸ್ತ ಎಲೆ ಹಾಕುತ್ತಿದ್ದ, ಸಾಹುಕಾರ ಬಡಿಸುತ್ತಿದ್ದ. 'ಹೊಟ್ಟಿ ತುಂಬಿತೇನವಾ?' 'ತುಂಬೇತ್ರಿ ಸಾವಕಾರ್ರ.' ಮುಗಿಯಿತು. ಅವಳಿಗೆ ಊಟ, ಇವನಿಗೆ ಪುಣ್ಯ.

ಒಂದು ಸೋಮವಾರ ಅವಳು ಬರಲಿಲ್ಲ.

ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಸಾಹುಕಾರನಿಗೆ ಸಕ್ಕರೆ ಕಾಯಿಲೆ ಬೇರೆ, ಕೈಕಾಲು ನಡುಗಲು ಶುರುವಾಯಿತು. 'ಹೋಗಲೇ, ಊರಾಗ ಯಾರರ ಹಸದವರಿದ್ರ ಕರಕೊಂಡು ಬಾ' ಎಂದು ಗುಮಾಸ್ತನನ್ನು ಓಡಿಸಿದ. ಪಾಪ, ಆ ಗುಮಾಸ್ತ ಬಿಸಿಲಲ್ಲಿ ಬಸ್ ಸ್ಟ್ಯಾಂಡು, ಸಂತೆಪೇಟೆ, ಕೆರೆದಂಡೆ ಎಲ್ಲ ಸುತ್ತಿದ. ಕೂಲಿಯವರು ಬುತ್ತಿ ಉಂಡು ಮಲಗಿದ್ದರು. ಕೊನೆಗೆ ಮಠದ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕನನ್ನು ಹಿಡಿದು ತಂದ. ಮುದುಕ ಎಲೆಯ ಮುಂದೆ ಕುಳಿತು ದೊಡ್ಡದಾಗಿ ತೇಗಿದ.

'ಯಪ್ಪಾ, ಹುಗ್ಗಿ ಮೂರು ಸಲ ಹಾಕಿಸಿಕೊಂಡೀನ್ರಿ. ಒಳಗ ಜಾಗಾ ಇಲ್ರಿ' ಎಂದ.

'ಎರಡ ತುತ್ತರ ಉಣ್ಣೋ ಮಾರಾಯಾ!'

'ಪುಣ್ಯಾ ನಿಮಗ ಬರ್ತೈತ್ರಿ, ಹೊಟ್ಟಿ ನಂದು ಕಡೀತೈತ್ರಿ.'

ಮುದುಕ ಕೈಮುಗಿದು ಹೋದ. ಸಾಹುಕಾರ ಆ ದಿನ ಉಪವಾಸ. ರಾತ್ರಿ ಅವನ ಹೆಂಡತಿ, 'ಒಂದ್ ವಾರ ತಪ್ಪಿದ್ರ ಶಿವಾ ಏನೂ ಸಿಟ್ಟಾಗೂದಿಲ್ರಿ, ಉಣ್ರಿ' ಎಂದಳು. ಶಿವನ ಸಿಟ್ಟಿಗೆ ಅವನು ಹೆದರಿರಲಿಲ್ಲ. ಉಪವಾಸ ಇದ್ದರೆ ವ್ರತ ಉಳಿಯುತ್ತದೆ, ಉಂಡರೆ ಪೇಟ ತಪ್ಪಿಹೋದೀತೆಂಬ ಭಯ. ಹನ್ನೆರಡು ವರ್ಷ ತುಂಬಲು ಇನ್ನು ಎರಡೇ ತಿಂಗಳು.

ಮರುದಿನ ತಾನೇ ಅವಳನ್ನು ಹುಡುಕಿಕೊಂಡು ಹೋದ. ಬಹಳ ದೂರ ಹೋಗಬೇಕಾಗಲಿಲ್ಲ. ಅವನದೇ ಮಳಿಗೆಗಳ ಸಾಲಿನಲ್ಲಿ ಮೆಟ್ಟಿಲ ಕೆಳಗೆ ಒಂದು ಸಂದಿ ಇತ್ತು, ಗುಮಾಸ್ತ ಅದನ್ನು ಅಷ್ಟಿಷ್ಟು ಬಾಡಿಗೆಗೆ ಅವಳಿಗೆ ಕೊಟ್ಟಿದ್ದ. ಅಲ್ಲಿ ಒಂದು ಒಲೆ, ಒಂದು ಹಂಚು, ಹಿಟ್ಟು ನಾದುವ ಒಂದು ಕೊಣಮಿಗೆ. ಪಟಪಟ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಎದುರಿಗೆ ಡ್ರೈವರು, ಕಂಡಕ್ಟರು, ಹಮಾಲರು ಕಾದು ನಿಂತಿದ್ದಾರೆ. ಹೆಣ್ಣುಮಕ್ಕಳಿಬ್ಬರೂ ಶಾಲೆಗೆ ಹೋಗಿದ್ದಾರೆ. ಸಾಹುಕಾರನನ್ನು ನೋಡಿ ಅವಳು ಎದ್ದು ನಿಂತಳು. ಮುಖದಲ್ಲಿ ಎಂಥ ಸಂತೋಷ ಅಂತೀರಿ!

'ಬರ್ರಿ ಸಾವಕಾರ್ರ. ಬಿಸಿ ರೊಟ್ಟಿ ಐತಿ, ತಿನ್ರಿ.'

'ನಿನ್ನೆ ಯಾಕ ಬರ್ಲಿಲ್ಲ?'

'ಹಸಿವಾಗಿದ್ರ ಬರ್ತಿದ್ನಲ್ರಿ? ನಿಮ್ಮ ಆಶೀರ್ವಾದ, ಈಗ ನಂದು ನಾ ದುಡದು ಉಣಾಕತ್ತೀನ್ರಿ.'

ನೋಡಿ, ಇಲ್ಲಿ ಸ್ವಲ್ಪ ನಿಲ್ಲೋಣ. ಇಷ್ಟು ವರ್ಷ ಅವನು ಅನ್ನ ಹಾಕಿದ್ದು ಯಾಕೆ? ಅವಳ ಹಸಿವು ಹೋಗಲಿ ಎಂದು. ಹೋಯಿತೋ ಇಲ್ಲವೋ? ಹೋಯಿತು. ಹಾಗಾದರೆ ಅವನು ಕುಣಿಯಬೇಕಲ್ಲವೇ? ಪೇಟೆಯ ತುಂಬ ಸಕ್ಕರೆ ಹಂಚಬೇಕಲ್ಲವೇ? ಅವನಿಗೆ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. 'ಇಷ್ಟು ವರ್ಷ ಉಂಡು ಈಗ ಕೈಕೊಟ್ಟಳಲ್ಲ, ಉಪಕಾರ ಸ್ಮರಣೆ ಇಲ್ಲದವಳು' ಎಂದುಕೊಂಡ. ಅವನಿಗೆ ಬೇಕಾಗಿದ್ದದ್ದು ಅವಳ ಹಸಿವು, ಅವಳ ಊಟವಲ್ಲ. ನಗಬೇಡಿ. ಆಳು ಹೊಸ ಸೈಕಲ್ಲು ಕೊಂಡರೆ ನಮಗೂ ಒಳಗೊಳಗೆ ಏನೋ ಚುಚ್ಚುತ್ತದೆ. ಚುಚ್ಚುತ್ತದೋ ಇಲ್ಲವೋ?

ಮಾರನೆಯ ದಿನ ನಾಲ್ಕು ಹಮಾಲರು ಒಂದು ಹಳೆಯ ಜನರೇಟರನ್ನು ಹೊತ್ತು ತಂದರು. ಮುಂದೆ ನಿಂತು ಇಡಿಸಿದವನು ಗುಮಾಸ್ತ. 'ಮಳಿಗೆಗೆ ಕರೆಂಟಿನ ತೊಂದರೆ ಐತೆವಾ, ಸಾವಕಾರ್ರು ಇದನ್ನ ಇಲ್ಲೇ ಇಡು ಅಂದಾರ' ಎಂದು ಅವಳ ಮುಖ ನೋಡದೆ ಹೇಳಿದ. ಒಲೆ ಹೊರಗೆ ಬಂತು. ರಸ್ತೆಯ ಮೇಲೆ ಒಲೆ ಹೂಡಲು ಪುರಸಭೆಯವರು ಬಿಡಲಿಲ್ಲ. ಬೇರೆ ಜಾಗ ಕೇಳಿದರೆ ಮುಂಗಡ ಕೊಡು ಎಂದರು. ಹಿಟ್ಟು ಮುಗಿಯಿತು. ದೊಡ್ಡ ಮಗಳು ಶಾಲೆ ಬಿಟ್ಟು ಮೆಣಸಿನಕಾಯಿ ತೊಟ್ಟು ಮುರಿಯಲು ಹೋದಳು.

ಮೂರನೆಯ ಸೋಮವಾರ ಅವಳು ಸಾಹುಕಾರನ ಪಡಸಾಲೆಗೆ ಬಂದು ಕುಳಿತಳು.

ನಡುವಿನ ಎರಡು ಸೋಮವಾರ ಉಪವಾಸ ಬಿದ್ದು ಸೊರಗಿದ್ದ ಸಾಹುಕಾರನಿಗೆ ಜೀವ ಬಂತು. ಆ ದಿನ ಅನ್ನ ಸಾರಲ್ಲ, ಹೋಳಿಗೆ ಮಾಡಿಸಿದ. ಬಗ್ಗಿ ಬಗ್ಗಿ ಬಡಿಸಿದ. ಅವಳು ತಲೆ ತಗ್ಗಿಸಿ ಉಂಡಳು. ಎಲೆ ಖಾಲಿಯಾಯಿತು.

'ಹೊಟ್ಟಿ ತುಂಬಿತೇನವಾ?'

'ಇಲ್ರಿ.'

ಸಾಹುಕಾರ ತಬ್ಬಿಬ್ಬಾದ. ಹನ್ನೊಂದು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಇನ್ನೆರಡು ಹೋಳಿಗೆ ಹಾಕಿದ, ತುಪ್ಪ ಸುರಿದ. ಅವಳು ಉಂಡಳು.

'ಈಗ ತುಂಬಿತೇನು?'

'ಇಲ್ರಿ ಸಾವಕಾರ್ರ.'

'ಮತ್ತೇನು ಬೇಕವಾ ನಿನಗ? ಅನ್ನಾ ಹಾಕ್ಲೇನು?'

ಆಗ ಅವಳು ತಲೆ ಎತ್ತಿದಳು. 'ಇಷ್ಟ ವರ್ಷ ನೀವು ಕೇಳಿದಾಗೆಲ್ಲಾ ತುಂಬೇತಿ ಅಂದೀನ್ರಿ. ಉಂಡ ಮನಿಯಾಗ ಇಲ್ಲ ಅನ್ನಾಕ ನಾಚಿಕಿ ಆಗ್ತಿತ್ತು. ಇವತ್ತ ಸುಳ್ಳ ಹೇಳೂದಿಲ್ರಿ. ಹೋಳಿಗಿ ಸಂಜೀತನಕಾ ಬರ್ತೈತಿ. ನಾಳೆ ನನ್ನ ಮಕ್ಕಳು ಏನ ತಿನ್ನಬೇಕು? ನನ್ನ ಒಲಿ ಜಾಗಾ ನನಗ ಕೊಡ್ರಿ, ಆಗ ತುಂಬೇತಿ ಅಂತೀನಿ.'

'ಅಲ್ಲಿ ಜನರೇಟರ್ ಐತಲ್ಲವಾ. ಅಂಗಡಿಕಾರ್ರಿಗೆ ತ್ರಾಸ ಆಗ್ತೈತಿ.'

'ಆ ಮಷೀನಿಗೆ ವಾಯರ ಇಲ್ರಿ ಸಾವಕಾರ್ರ. ನಾ ನೋಡೀನಿ.'

ಆ ಊರಿನಲ್ಲಿ ಸಾಹುಕಾರನ ಎದುರು ಹಾಗೆ ಮಾತಾಡಿ ನಾಳೆ ಕೂಲಿಗೆ ಯಾರ ಬಾಗಿಲಿಗೆ ಹೋಗುವುದು? ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು.

ಸಾಹುಕಾರ ಅವಳ ಕಡೆ ನೋಡಲಾರದೆ ಅತ್ತಿತ್ತ ನೋಡಿದ. ಪಕ್ಕದಲ್ಲೇ ಗುಮಾಸ್ತ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಏನೋ ಹೊಳೆಯಿತು.

'ನೀ ಉಂಡೀಯೇನಲೇ?'

'ಇಲ್ರಿ. ನೀವು ಉಣ್ಣದ ನಾ ಹೆಂಗ ಉಣ್ಣಲ್ರಿ?'

ಕೇಳಿದಿರಾ? ಹನ್ನೊಂದು ವರ್ಷ! ಪ್ರತಿ ಸೋಮವಾರ ಈ ಮನುಷ್ಯ ಹಸಿದ ಹೊಟ್ಟೆಯಲ್ಲಿ ಎಲೆ ಹಾಕಿದ್ದಾನೆ, ನೀರು ಕೊಟ್ಟಿದ್ದಾನೆ. ಅವತ್ತು ಹಸಿದವರನ್ನು ಹುಡುಕಲು ಊರೆಲ್ಲ ಸುತ್ತಿದವನೂ ಇವನೇ. ಹಸಿದವನನ್ನೇ ಕಳಿಸಿದ್ದರು, ಹಸಿದವರನ್ನು ಹುಡುಕಲು! ಸಾಹುಕಾರನ ಕಣ್ಣಿಗೆ ಅವನು ಗುಮಾಸ್ತನಾಗಿ ಕಂಡಿದ್ದ, ಹಸಿದವನಾಗಿ ಕಂಡೇ ಇರಲಿಲ್ಲ. ಈಗ ಕಂಡ. ಯಾಕೆ ಕಂಡ? ಈಗ ಬೇಕಾಗಿತ್ತು, ಕಂಡ.

'ಕುಂಡ್ರು, ಕುಂಡ್ರು' ಎಂದು ಅವನಿಗೂ ಎಲೆ ಹಾಕಿದ. ಗುಮಾಸ್ತ ಆ ಹೆಣ್ಣುಮಗಳ ಪಕ್ಕದಲ್ಲಿ ಮುದುಡಿ ಕುಳಿತ. ನಾಲ್ಕು ಹೋಳಿಗೆ ಉಂಡ, ಮೇಲೆ ಹಾಲು ಕುಡಿದ. ಸಾಹುಕಾರ ಗೆದ್ದವನ ಹಾಗೆ ಕೇಳಿದ.

'ತುಂಬಿತಲ್ಲ?'

ಗುಮಾಸ್ತ ಪಕ್ಕದ ಎಲೆ ನೋಡಿದ. ಹತ್ತೊಂಬತ್ತು ವರ್ಷದ ನೌಕರಿ. ಮನೆಯಲ್ಲಿ ಐದು ಬಾಯಿ.

'ಇಲ್ರಿ' ಎಂದ.

'ನಿನಗೇನು ಬೇಕಲೇ?'

'ನನಗೇನೂ ಬ್ಯಾಡ್ರಿ. ಆ ಮಷೀನು ನಾನ ಮುಂದ ನಿಂತು ಇಡಿಸೀನ್ರಿ. ಅದನ್ನ ತಗಸಿದ ಮ್ಯಾಲ ಕೇಳ್ರಿ.'

ಸಾಹುಕಾರ ಕಣ್ಣಿಗೆ ಕತ್ತಲೆ ಬಂದು ಕುರ್ಚಿಯಲ್ಲಿ ಕುಸಿದ. ಮೂರು ಗಂಟೆ ಹೊಡೆಯಿತು. ಒಳಗಿನಿಂದ ಹೆಂಡತಿ ಬಂದು ನೋಡಿದಳು. 'ಅವರಿಬ್ಬರೂ ಹೋಳಿಗಿ ಉಂಡು ಕುಂತಾರ. ನೀವೊಬ್ಬರ ಉಪಾಸ ಅದೀರಿ. ಈ ಮನ್ಯಾಗ ಈಗ ಬಡವರು ಯಾರ್ರಿ?' ಎಂದಳು. ಹೆಂಡತಿಯರು ಹೀಗೆ ಕೇಳುತ್ತಾರೆ. ನಿಮ್ಮನ್ನೂ ಕೇಳಿರಬಹುದು.

ನಾಲ್ಕು ಗಂಟೆಗೆ ಸಾಹುಕಾರ ಮಳಿಗೆಗೆ ಹಮಾಲರನ್ನು ಕಳಿಸಿದ. ಜನರೇಟರ್ ಹೊರಗೆ ಬಂತು. ಅವಳು ಮಾತು ನಂಬಿ ಕೂರಲಿಲ್ಲ, ಹೋಗಿ ಕಣ್ಣಾರೆ ನೋಡಿದಳು, ಒಲೆ ಒಳಗಿಟ್ಟಳು, ಹಿಂದಕ್ಕೆ ಬಂದು 'ತುಂಬೇತ್ರಿ' ಎಂದಳು. ಗುಮಾಸ್ತನೂ ಎಂದ. ಸಾಹುಕಾರ ಉಂಡ.

ಈಗ ನೀವೆಲ್ಲ ಕಣ್ಣು ಒದ್ದೆ ಮಾಡಿಕೊಂಡು, 'ಅವನ ಮನಸ್ಸು ಕರಗಿತು' ಎಂದು ನಾನು ಹೇಳುವುದನ್ನು ಕಾಯುತ್ತಿದ್ದೀರಿ. ಹೇಳುವುದಿಲ್ಲ. ಮನಸ್ಸು ಕರಗಿತೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಟ್ಟೆ ಕರಗಿತ್ತು, ಅದು ಖಂಡಿತ. ಉಳ್ಳವರ ಮನಸ್ಸು ಕರಗಲಿ ಎಂದು ಕಾಯುತ್ತಾ ಕೂತರೆ ಮೂರು ತಲೆಮಾರು ರೊಟ್ಟಿ ಇಲ್ಲದೆ ಹೋಗುತ್ತದೆ. ಹನ್ನೆರಡು ವರ್ಷ ತುಂಬಿದಾಗ ಅವನಿಗೆ ಪೇಟ ಸಿಕ್ಕಿತು, ಬಿರುದೂ ಸಿಕ್ಕಿತು. ಕೊಟ್ಟ ಸ್ವಾಮಿಗಳು ಮೆಟ್ಟಿಲ ಕೆಳಗೆ ಏನು ನಡೆಯಿತೆಂದು ವಿಚಾರಿಸಲಿಲ್ಲ. ನಾವು ಸ್ವಾಮಿಗಳು ವಿಚಾರಿಸುವುದಿಲ್ಲ. ಕೊಟ್ಟವರ ಹೆಸರು ಓದುತ್ತೇವೆ, ಎಲ್ಲಿಂದ ತಂದರು ಎಂದು ಕೇಳುವುದಿಲ್ಲ. ಇದು ನನ್ನ ತಪ್ಪು, ಈ ಗದ್ದುಗೆಯ ಮೇಲೆ ಕೂತೇ ಒಪ್ಪಿಕೊಳ್ಳುತ್ತೇನೆ.

ಇನ್ನು ನಿಮ್ಮ ಸರದಿ. ದುಡಿಯುವುದು ಪಾಪ ಎಂದು ನಾನು ಹೇಳಲಾರೆ, ಕಾಯಕ ಎಂದು ಹೇಳುವ ಮಠ ಇದು. ಅಂಗಡಿ ಇಡಿ, ಗಿರಣಿ ಹಾಕಿ, ನಾಲ್ಕು ಕಾಸು ಮಾಡಿ. ಆದರೆ ಒಂದು ನೋಡಿಕೊಳ್ಳಿ. ಮನೆಗೆಲಸದವಳಿಗೆ ದೀಪಾವಳಿಗೆ ಸೀರೆ ಕೊಡುತ್ತೀರಿ, ವಾರಕ್ಕೊಂದು ದಿನ ರಜೆ ಕೇಳಿದರೆ ಮುಖ ಊದಿಸುತ್ತೀರಿ. ಅವಳಿಗೆ ಬೇಕಾದದ್ದು ರಜೆ, ನಿಮಗೆ ಬೇಕಾದದ್ದು ಸೀರೆ ಕೊಟ್ಟ ಹೆಸರು. ಅಂಗಡಿಯ ಹುಡುಗಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರುತ್ತಾಳೆ, ಅವಳಿಗೊಂದು ಸ್ಟೂಲು ಹಾಕುವುದಿಲ್ಲ. ಆ ಅಂಗಡಿಯ ಮಾಲೀಕರು ನಮ್ಮ ಮಠಕ್ಕೆ ಐವತ್ತು ಕುರ್ಚಿ ಕೊಟ್ಟಿದ್ದಾರೆ! ನೀವು ಅವುಗಳ ಮೇಲೇ ಕೂತಿದ್ದೀರಿ. ತಪ್ಪು ತಿಳಿಯಬೇಡಿ, ಕುರ್ಚಿ ಚೆನ್ನಾಗಿವೆ.

ಬಡವರಿಗೆ ಏನು ಕೊಡಲಿ ಎಂದು ನೀವೇ ಕೂತು ಯೋಚಿಸಬೇಡಿ. ಅವರನ್ನು ಕೇಳಿ. ಕೇಳಿ, ಅವರು 'ಏನೂ ಬ್ಯಾಡ್ರಿ' ಎಂದರೆ ನಂಬಿ ಎದ್ದು ಬರಬೇಡಿ. ಆ ಮಾತು ನಾಚಿಕೆಯದು, ಹೆದರಿಕೆಯದು. ಅಲ್ಲೇ ಕೂತಿರಿ. ನಿಜವಾದ ಉತ್ತರ ಬಂದಾಗ ಅದು ನಿಮಗೆ ಕಹಿಯಾಗಿರುತ್ತದೆ. ಆ ಕಹಿ ನುಂಗಿ ಕೊಟ್ಟರೆ ಅದಕ್ಕೆ ದಾಸೋಹ ಎಂದು ಹೆಸರು.

ಹುಂಡಿ ಬಾಗಿಲ ಪಕ್ಕ ಇದೆ. ಕಮಿಟಿಯವರು ನನ್ನ ಕಡೆ ಕಣ್ಣು ಬಿಡುತ್ತಿದ್ದಾರೆ, ಆದರೂ ಹೇಳುತ್ತೇನೆ. ಇವತ್ತು ಅದಕ್ಕೆ ಏನೂ ಹಾಕಬೇಡಿ. ನಿಮ್ಮ ಕೈಕೆಳಗೆ ದುಡಿಯುವವರು ಯಾರೋ ಒಬ್ಬರು ನಿಮ್ಮನ್ನು ಏನೋ ಕೇಳಿದ್ದಾರೆ, ನೀವು ಆಗುವುದಿಲ್ಲ ಎಂದಿದ್ದೀರಿ. ಯಾರು, ಏನು ಎಂದು ನಿಮಗೆ ಈ ಕ್ಷಣವೇ ನೆನಪಾಗಿದೆ, ನಿಮ್ಮ ಮುಖದಲ್ಲೇ ಕಾಣುತ್ತಿದೆ. ನೆಟ್ಟಗೆ ಅವರ ಮನೆಗೆ ಹೋಗಿ, ಅದನ್ನು ಕೊಟ್ಟು ಬನ್ನಿ. ಹುಂಡಿ ಎಲ್ಲಿಗೂ ಓಡಿ ಹೋಗುವುದಿಲ್ಲ, ಅದಕ್ಕೆ ಹಸಿವೂ ಇಲ್ಲ.