ಜರ್ಸಿಯ ಮೂರು ಸಿಂಹ

ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಕಬಡ್ಡಿ ಆಡುವ ಹುಡುಗಿ ಮೇಘನ, ಬೇರೆ ಬಸ್ಸಿಗೆ ಕಾಯುತ್ತಾ ಪಕ್ಕ ಕೂತಿದ್ದ ತಿರುಮಲಮ್ಮನಿಂದ ಪಿನ್ನು ಇಸ್ಕೊಂಡು ತನ್ನ ಜರ್ಸಿಯ ಕಸೂತಿ ಬಿಚ್ಚುತ್ತಿದ್ದಳು.

“ಇಂಡಿಯಾ ಸಿಂಹ ಬಿಟ್ಟು ಇಂಗ್ಲೆಂಡ್ ಟೀಮಿಂದು ಹಾಕ್ಸಿದ್ದೀಯಲ್ಲೇ,” ಎಂದಳು ಗೆಳತಿ ಅನಿತ.

“ಅಮ್ಮ ಫೋನಲ್ಲಿ ನೋಡಿ ಹೊಲಿದಿದ್ದು ಕಣೇ. ನಮ್ಮದ್ರಲ್ಲೂ ಕಾಣೋದು ಮೂರೇ ಅಲ್ವಾ?”

“ನಮ್ಮವು ಅಶೋಕನ ಕಂಬದ ಮೇಲೆ ಕೂತಿರ್ತವೆ. ಇವು ಅವರ ರಾಜನ ಗುರಾಣಿ ಮೇಲೆ ನಡೀತಿರೋವು. ಇದನ್ನ ಹಾಕ್ಕೊಂಡು ಹೋದ್ರೆ ಕೋಲಾರದ ಸೆಲೆಕ್ಷನ್‌ಗೆ ಒಳಕ್ಕೇ ಬಿಡಲ್ಲ.”

“ಗಂಗರ ಆನೆನಾದ್ರೂ ಹಾಕ್ಸಿದ್ರೆ ಆಗೋದು, ಕೋಲಾರ ಆಳ್ದೋರದ್ದು.”

“ಈಗ ಆನೆ ಎಲ್ಲಿಂದ ತರ್ತೀಯ? ಬಿಚ್ಚು.”

“ಒಂದು ಸಿಂಹ ಬಿಚ್ಚೋದ್ರಲ್ಲೇ ಬಟ್ಟೆ ಕಿತ್ಕೊಂಡು ಬರ್ತಿದೆ. ಅಮ್ಮ ವಾರ ಪೂರ್ತಿ ಕೂತು ಹೊಲಿದ್ಳು.”

ಕೋಲಾರದ ಬಸ್ಸು ಬಂತು.

“ಬಸ್ ಹತ್ತೇ, ಇನ್ನೂ ಎರಡು ಸಿಂಹ ಇವೆ,” ಎಂದಳು ಅನಿತ.

ಮೇಘನ ಕಿಟಕಿಯಿಂದ ಪಿನ್ನು ವಾಪಸ್ ಚಾಚಿದಳು. ತಿರುಮಲಮ್ಮ ಬಳೆಯಿಂದ ಇನ್ನೊಂದು ಪಿನ್ನು ತೆಗೆದು ಅದರ ಜೊತೆ ಅವಳ ಕೈಯಲ್ಲೇ ಇಟ್ಟಳು.

“ಇಬ್ರೂ ಬಿಚ್ರಮ್ಮ. ಕೋಲಾರ ದೂರ ಇಲ್ಲ.”