ಎಡದವಡೆಯ ತುಂಡು

ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಒಂದು ನಿಯಮವಿದೆ. ದೇಹದಿಂದ ಬಿಡಿಸಿದ್ದು ಆ ದೇಹದ ಹತ್ತಿರವೇ ಇರಬೇಕು, ಅದರ ಜೊತೆಗೇ ಹೋಗಬೇಕು. ನಾನು ಹೇಳಹೊರಟ ಮೂವರು ವಿದ್ಯಾರ್ಥಿಗಳು ಅದನ್ನು ಮುರಿದರು.

ಮೊದಲನೆಯವನು ನನ್ನ ಸೋದರತ್ತೆಯ ಮಗ ಸುಮಂತ. ಕಲಬುರಗಿಯಲ್ಲಿ ಮೆಡಿಕಲ್ ಓದುತ್ತಾನೆ. ಕತೆ ಕಟ್ಟುವವನಲ್ಲ. ಕಟ್ಟಿದ್ದರೆ ನಾನು ಕೂತು ಕೇಳುತ್ತಲೂ ಇರಲಿಲ್ಲ.

ಅವತ್ತು ಅವರ ಟೇಬಲ್ಲಿನ ದೇಹದ ದಹನ. ದೇಹದಾನ ಮಾಡಿದ್ದ ಒಬ್ಬ ಅಜ್ಜ. ಎಲ್ಲರೂ ಕೈಮುಗಿದು ಬಂದರು. ರಾತ್ರಿ ಸುಮಂತ ಶರಣಸಿರಸಗಿ ಕಡೆಯ ಹೊಸ ಲೇಔಟಿನಲ್ಲಿ ಮನೆಗೆ ನಡೆದು ಬರುತ್ತಿದ್ದ. ಪ್ಲಾಟುಗಳ ನಡುವೆ ಒಂದು ಹಾಳು ಬಾವಿ ಉಳಿದಿದೆ. ಅದರ ಪಕ್ಕ ಬಂದ...

ಟಕ್.

ನಿಂತ. ತಿರುಗಿದ. ಯಾರೂ ಇಲ್ಲ. "ಯಾರದು?" ಅನ್ನಲು ಬಾಯಿ ತೆರೆದ... ಟಕ್. ಒಣ ಕಡ್ಡಿ ಮುರಿದ ಸದ್ದಲ್ಲ. ಬಾಗಿಲ ಚಿಲಕ ಬಿದ್ದ ಸದ್ದು. ಅದು ಹಿಂದಿನಿಂದ ಬಂದಿರಲಿಲ್ಲ. ಅವನ ಎಡಗಿವಿಯ ಮುಂದೆ, ಅವನದೇ ಮುಖದ ಒಳಗಿಂದ ಬಂದಿತ್ತು.

ಬೆಳಗ್ಗೆ ಹಲ್ಲುಗಳ ನಡುವೆ ಕಿರುಬೆರಳೂ ಹೋಗಲಿಲ್ಲ. ಧನುರ್ವಾಯು ಅಲ್ಲ, ಹಲ್ಲಿನ ಬಾವೂ ಅಲ್ಲ, ಸ್ಕ್ಯಾನಿನಲ್ಲಿ ಏನೂ ಇಲ್ಲ. ಬಾಗಿಲು ಹಾಕಿಕೊಂಡು ಹಲ್ಲಿನ ಸಂದಿಯಿಂದಲೇ ನನಗೆ ಪಿಸುಗುಟ್ಟಿದ. "ಅಣ್ಣಾ... ಅಜ್ಜಂದೊಂದು ಎಲುಬು ನನ್ನ ಹತ್ರನೇ ಉಳದದ."

ಕೆನ್ನೆಯೆಲುಬಿನ ಹಿಂದೆ, ತಲೆಬುರುಡೆಯ ತಳದ ಕೆಳಗೆ ಒಂದು ಆಳವಾದ ಗುಳಿಯಿದೆ. ದವಡೆಯೆಲುಬು ಅದಕ್ಕೆ ಮುಚ್ಚಿದ ಕದ. ಒಳಗೆ ನರಗಳು, ರಕ್ತನಾಳಗಳು, ಸ್ನಾಯುಗಳು. ಬಾಯಿ ಮುಚ್ಚಲು ಬಲವಾದ ಸ್ನಾಯುಗಳು ಮೂರು. ತೆರೆಯಲು ಈ ಗುಳಿಯಲ್ಲಿ ಅಡ್ಡ ಮಲಗಿದ್ದು ಒಂದೇ. ಅದನ್ನು ನೋಡಬೇಕಾದರೆ ದವಡೆಯ ಮೇಲಿನ ತುಂಡನ್ನು ಗರಗಸದಿಂದ ಕೊಯ್ದು ತೆಗೆಯಬೇಕು. ಆ ತುಂಡನ್ನೇ ಸುಮಂತ ಓದಲೆಂದು ಏಪ್ರನ್ ಜೇಬಿಗೆ ಹಾಕಿಕೊಂಡಿದ್ದ. ಅಜ್ಜನ ದೇಹ ಅದಿಲ್ಲದೇ ಬೂದಿಯಾಗಿತ್ತು.

ಅವನನ್ನು ಸ್ಮಶಾನಕ್ಕೆ ಕರೆದೊಯ್ದು, ಚಿತೆ ಉರಿದ ಜಾಗದಲ್ಲೇ ಆ ತುಂಡನ್ನು ಅವನ ಕೈಯಿಂದ ಹೂಳಿಸಿದೆ. ಮರುದಿನ ಬೆಳಗ್ಗೆ ತುಂಡು ಮತ್ತೆ ಅವನ ಏಪ್ರನ್ ಜೇಬಿನಲ್ಲೇ ಇತ್ತು. ಒಂದು ಕಣ ಮಣ್ಣೂ ಅಂಟಿರಲಿಲ್ಲ.

ಆಗ ಅವನ ಜೊತೆ ಓದುವ ಪದ್ಮಜಾ, ಏನೂ ಅರಿಯದೆ, ಬಂದು ಕೇಳಿದಳು. "ಆ ದವಡಿ ತುಂಡು ನಂಗ ಕೊಡಪಾ. ನಿನ್ನ ಬಾಯಂತೂ ಬಂದ್ ಆಗ್ಯದ, ವೈವಾದಾಗ ನಾನಾದ್ರೂ ಪಾಸಾಗ್ತೀನಿ."

ಕೊಟ್ಟ. ಸಂಜೆ ಆಕಳಿಸಿದ... ಬಾಯಿ ಪೂರ್ತಿ ತೆರೆಯಿತು.

ಮರುದಿನ ಸುಮಂತನಿಗೆ ಪದ್ಮಜಾಳ ಫೋನ್. ಈಗ ಅವಳದು ಹಲ್ಲಿನ ಸಂದಿಯ ಮಾತು. "ಖರೇ ಹೇಳು... ನಿಂಗ ಹೆಂಗ ಆರಾಮಾತು?"

"ಕೇಳಿದವ್ರಿಗಿ ಕೊಟ್ಟೆ."

ಫೋನ್ ಕಟ್ಟಾಯಿತು.

ಪದ್ಮಜಾಳ ಹತ್ತಿರ ಆ ತುಂಡು ಕೇಳಿದವಳು ಪಂಚಶೀಲಾ, ಅದೇ ಟೇಬಲ್ಲಿನವಳು. ಪದ್ಮಜಾ ಮೊದಲು ಕೊಟ್ಟಳು. ತನ್ನ ದವಡೆ ಸಡಿಲಾದ ಮೇಲೆ ಗುಟ್ಟು ಹೇಳಿದಳು.

ಪಂಚಶೀಲಾ ಅದನ್ನು ಇನ್ನೂ ಯಾರಿಗೂ ದಾಟಿಸಿಲ್ಲವೆಂದು ಕೇಳಿ, ಸುಮಂತನನ್ನು ಗಾಡಿಯ ಹಿಂದೆ ಕೂಡಿಸಿಕೊಂಡು ಕಮಲಾಪುರಕ್ಕೆ, ಅವಳ ಮನೆಗೆ ಹೋದೆ. ಅವಳ ತಾಯಿ ಯಶೋಧರಾ ಕೆಂಪು ಬಾಳೆಹಣ್ಣನ್ನು ಹಾಲಿನಲ್ಲಿ ಕಿವುಚುತ್ತಿದ್ದರು. ಪಂಚಶೀಲಾ ಅದನ್ನೇ ಸ್ಟ್ರಾದಿಂದ ಹೀರುತ್ತಿದ್ದಳು. ಸೊರಗಿದ್ದಳು. ಕಾಲೇಜಿನ ಚೀಲ ತೊಡೆಯ ಮೇಲಿತ್ತು.

"ಹೊಸ ಬ್ಯಾಚ್ ಬಂದದ," ಸುಮಂತ ಪಿಸುಗುಟ್ಟಿದ. "ಯಾರರ ಕೇಳೇ ಕೇಳ್ತಾರ. ಕೊಟ್ಟುಬಿಡು."

"ನೀನೇ ಕೇಳು," ಅಂದಳು ಹಲ್ಲು ಬಿಡದೆ. "ಈಗೇ ಕೊಡ್ತೀನಿ."

ಸುಮಂತನ ಬಾಯಿ ಚೆನ್ನಾಗಿತ್ತು. ತೆರೆಯಲಿಲ್ಲ.

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಸ್ಪೀಕರ್ ಹಾಕಿದಳು. "ಅಕ್ಕಾ, ನಾ ಮುನೀರಾ ರೀ, ನಿಮ್ಮ ಜೂನಿಯರ್. ದವಡಿ ಎಲುಬು ನಿಮ್ಮ ಹತ್ರ ಅದಂತಲ್ರೀ... ಕೊಡ್ತೀರೇನ್ರೀ?"

ಚೀಲದೊಳಗಿಂದ... ಟಕ್.

ನಾನಲ್ಲಿದ್ದೆ. ಕೇಳಿದೆ. ಹಣ್ಣು ಕಿವುಚುತ್ತಿದ್ದ ಯಶೋಧರಾ ಅವರ ಕೈ ಬಟ್ಟಲಿನಲ್ಲೇ ನಿಂತಿತು. ನೀವು ನಂಬಿ, ಬಿಡಿ, ನಡೆದದ್ದು ನಡೆದಿದೆ.

ಪಂಚಶೀಲಾ ಚೀಲದ ಜಿಪ್ಪನ್ನು ಕೊನೆಯವರೆಗೂ ಎಳೆದು ಮುಚ್ಚಿದಳು. "ಕೊಡಂಗಿಲ್ಲವ್ವಾ," ಅಂದಳು. ಫೋನ್ ಕೆಳಗಿಟ್ಟು, ಮತ್ತೆ ಸ್ಟ್ರಾ ತುಟಿಗಿಟ್ಟುಕೊಂಡಳು.