ಕರೆಂಟು ಹೋಗುವ ಜಾಗ

ಬೆಳ್ತಂಗಡಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ತಾಯಿ ಮಗಳು ಕೂತಿದ್ದರು. ಮಗಳು ಉಜಿರೆಯ ಹಾಸ್ಟೆಲಿಗೆ ಹೊರಟವಳು. ಅವಳ ಮಡಿಲಲ್ಲಿ ಉಪ್ಪಿನಕಾಯಿಯ ಬಾಟಲಿ ಇತ್ತು.

“ಅಮ್ಮ, ನಾನು ಸಣ್ಣದಿರುವಾಗ ದಿನಾ ಸೀಡಿ ಹಾಕಿ ನೋಡ್ತಿದ್ದ ಆ ಆನೆ ಸಿನೆಮಾ, ಮೊನ್ನೆ ಹಾಸ್ಟೆಲಲ್ಲಿ ಪೂರ್ತಿ ನೋಡಿದೆ.”

“ಪೂರ್ತಿಯಾ?”

“ಆನೆ ಹೊಳೆಗೆ ಇಳಿಯುವ ಜಾಗ ಬಂದಾಗ ನಾನು ತಲೆ ಎತ್ತಿ ಫ್ಯಾನ್ ನೋಡಿದೆ. ಅದು ತಿರುಗ್ತಾನೇ ಇತ್ತು.”

ತಾಯಿ ನಕ್ಕರು.

“ಮನೆಯಲ್ಲಿ ಪ್ರತಿ ಸಲ ಸರೀ ಅಲ್ಲಿಗೇ ಕರೆಂಟು ಹೋಗ್ತಿತ್ತಲ್ಲ. ಮೈನ್ ಸ್ವಿಚ್ ಆಫ್ ಮಾಡ್ತಿದ್ದದ್ದು ನೀನಾ?” ಮಗಳು ಕೇಳಿದಳು.

“ಮತ್ತೆಂತ ಮಾಡುದು ಮಾರಾಯ್ತಿ? ಅಲ್ಲಿ ಆನೆ ಸಾಯ್ತದೆ ಅಂತ ನಿನ್ನ ಮಾವ ಹೇಳಿದ್ದ. ನೀನು ಕೋಳಿಮರಿ ಸತ್ತರೂ ಎರಡು ದಿನ ಊಟ ಮಾಡ್ತಿರಲಿಲ್ಲ.”

“ಕೊನೆ ನೀನಾದ್ರೂ ನೋಡಿದ್ದೀಯಾ?”

“ನಾನೆಲ್ಲಿ ನೋಡುದು? ಚಾವಡಿಯಲ್ಲಿ ಸ್ವಿಚ್ ಹಿಡ್ಕೊಂಡು ನಿಂತಿರ್ತಿದ್ದೆ. ನನಗೂ ಧೈರ್ಯ ಇರಲಿಲ್ಲ. ಪಾಪ, ಸಾಯ್ತದಲ್ಲ?”

ಮಗಳು ಬಿಗಿಯಾಗಿಯೇ ಇದ್ದ ಬಾಟಲಿಯ ಮುಚ್ಚಳವನ್ನು ಇನ್ನೊಮ್ಮೆ ತಿರುಗಿಸಿದಳು.

“ಇಲ್ಲಮ್ಮ. ಈಜಿ ದಡ ಸೇರ್ತದೆ. ಮಾವನಿಗೆ ಸರಿ ಗೊತ್ತಿಲ್ಲ.”

“ಹೌದಾ? ಛೆ, ಸುಮ್ಮನೆ ಅಷ್ಟು ಸಲ ಆಫ್ ಮಾಡಿದೆನಲ್ಲ. ಇವತ್ತು ಮನೆಗೆ ಹೋಗಿ ನೋಡ್ತೇನೆ.”

ಉಜಿರೆಯ ಬಸ್ಸು ಬಂತು. ಮಗಳು ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಒಬ್ಬಳೇ ನೋಡ್ಬೇಡ ಅಮ್ಮ. ನಾನು ರಜೆಗೆ ಬಂದ ಮೇಲೆ ಒಟ್ಟಿಗೆ ನೋಡುವ.”

“ಅದು ಯಾಕೆ?”

“ಕರೆಂಟು ಹೋಗ್ತದೆ,” ಎಂದು ಬಸ್ಸು ಹತ್ತಿದಳು.